ಅಕ್ಕನ ಮನೆಗೆ ಟೈಲ್ಸ್ ಹಾಕಿದ ಭಾನುವಾರ

ಸಿಕಂದರಾಬಾದಿನ ಆಚೆಯ ಬಾಲಾನಗರದ ಆ ಆರು ಮನೆಗಳನ್ನು ಮೊದಲು ಕಟ್ಟಿದ್ದು ಜನ ಬಂದು ನೋಡಿ ಹೋಗಲಿ ಎಂದು. ಅಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿದ್ದ ಕಾಲ. ಕಡಿಮೆ ಖರ್ಚಿನಲ್ಲಿ ಕೂಲಿಯವನಿಗೂ ಗಾಳಿ ಬೆಳಕಿನ ಮನೆ ಕಟ್ಟಬಹುದು ಎಂದು ತೋರಿಸಲು, ಒಂದೊಂದನ್ನು ಒಂದೊಂದು ನಮೂನೆಯಲ್ಲಿ ಕಟ್ಟಿ ಪ್ರದರ್ಶನಕ್ಕೆ ಇಟ್ಟರಂತೆ. ಪ್ರದರ್ಶನ ಮುಗಿದ ಮೇಲೆ ಮನೆಗಳನ್ನು ಏನು ಮಾಡುವುದು? ಕಾರ್ಖಾನೆಯ ನೌಕರರಿಗೆ ಬಾಡಿಗೆಗೆ ಕೊಟ್ಟರು. ಅಲ್ಲಿಯ ಜನ ಅವನ್ನು ‘ಮಾಡಲ್ ಇಳ್ಳು’ ಎಂದರು, ನಾವು ಮಾಡಲ್ ಮನಿ ಎಂದೆವು. ಅವ್ವ ತೀರಿಕೊಂಡ ಮೇಲೆ ಅಕ್ಕ ನನ್ನನ್ನು ಕಲಬುರಗಿಯಿಂದ ತನ್ನ ಜೊತೆ ಕರೆದುಕೊಂಡು ಬಂದದ್ದು ಆ ಸಾಲಿನ ನಾಲ್ಕನೆಯ ಮನೆಗೆ. ಭಾವ ಅಲ್ಲಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು.

ಈಗಿನವರು ಅದಕ್ಕೆ ಮಾಡರ್ನಿಸ್ಟ್ ಶೈಲಿ ಎನ್ನುತ್ತಾರೆ. ನಮಗೆ ಅದು ವಿಚಿತ್ರ ಮನೆ. ಮಾಳಿಗೆ ನಡುವೆ ತಗ್ಗು, ಎರಡು ಬದಿಗೆ ಎತ್ತರ. ಒಂದು ಗೋಡೆಯ ತುಂಬ ಸಿಮೆಂಟಿನ ಜಾಲಿ, ಅದರೊಳಗಿಂದ ಬರುವ ಗಾಳಿಗೆ ಬೇಸಿಗೆಯಲ್ಲೂ ಮಧ್ಯಾಹ್ನ ನಿದ್ದೆ ಬರುತ್ತಿತ್ತು. ಒಳಗಿನ ಗೋಡೆಗಳಿಗೆ ಗಿಲಾವೇ ಇಲ್ಲ, ಇಟ್ಟಿಗೆ ಹಾಗೇ ಕಾಣುತ್ತಿತ್ತು. ನೆಲ ಮಾತ್ರ ರೆಡ್ ಆಕ್ಸೈಡ್ ಹಾಕಿ ತಿಕ್ಕಿದ ಕೆಂಪು ನೆಲ. ಅಡುಗೆಮನೆಯಲ್ಲಿ ನಿಂತು ಅಡುಗೆ ಮಾಡಲು ಒಂದು ಉದ್ದನೆಯ ಕಟ್ಟೆ. ನಕ್ಷೆ ಬರೆದ ಪುಣ್ಯಾತ್ಮ ಜೋಳದ ರೊಟ್ಟಿ ತಿಂದಿದ್ದನೋ ಏನೋ, ಬಡಿಯುವುದನ್ನಂತೂ ನೋಡಿರಲಿಲ್ಲ. ರೊಟ್ಟಿ ಬಡಿಯಲು ಕುಳಿತುಕೊಳ್ಳಬೇಕು, ಮೈಯ ಭಾರವೆಲ್ಲ ಅಂಗೈಗೆ ಬರಬೇಕು. ಅಕ್ಕ ಕಟ್ಟೆಯ ಮೇಲೆ ಡಬ್ಬಿಗಳನ್ನು ಜೋಡಿಸಿಟ್ಟು, ತಾನು ಕೆಳಗೆ ಕೆಂಪು ನೆಲದ ಮೇಲೆ ಸ್ಟೋವ್ ಹಚ್ಚಿಕೊಂಡು ಕುಳಿತಳು.

ಊರಿನಿಂದ ಬಂದ ಬಂಧುಗಳು ಇಟ್ಟಿಗೆ ಗೋಡೆ ನೋಡಿ ನಗುತ್ತಿದ್ದರು. “ಸರಕಾರದ ರೊಕ್ಕ ಅರ್ಧಕ್ಕ ಮುಗದಂಗ ಕಾಣಸ್ತದ,” ಎಂದು ಒಬ್ಬ ಕಾಕಾ ಪ್ರತಿ ಸಲವೂ ಅದೇ ಮಾತು ಹೇಳಿ ತಾನೇ ನಗುತ್ತಿದ್ದ. ಅಕ್ಕನ ಮುಖ ಸಣ್ಣದಾಗುತ್ತಿತ್ತು. ಗಿಲಾವು ಮಾಡಿಸೋಣ, ಬಣ್ಣ ಹಚ್ಚಿಸೋಣ ಎಂದು ಅವಳು ಪ್ರತಿ ದೀಪಾವಳಿಗೆ ಭಾವನನ್ನು ಕಾಡುವಳು. ಭಾವ “ಬಾಡಿಗಿ ಮನಿಗಿ ಯಾಕ?” ಎಂದು ಮಾತು ತೇಲಿಸುವರು. ಮುಂದೆ ಅವರು ಹೃದಯ ನಿಂತು ಹೋಗಿಬಿಟ್ಟರು, ಅಕ್ಕನಿಗೆ ಮಕ್ಕಳಿಲ್ಲ, ಬಣ್ಣದ ಮಾತು ಅಲ್ಲಿಗೆ ನಿಂತಿತು. ಉಳಿದ ಮನೆಗಳವರು ಮಾತ್ರ ಮನಸ್ಸಿಗೆ ಬಂದದ್ದು ಮಾಡಿಕೊಂಡರು. ಒಬ್ಬರು ಜಾಲಿ ಮುಚ್ಚಿ ಅಲ್ಯುಮಿನಿಯಂ ಕಿಟಕಿ ಇಟ್ಟರು, ಇಬ್ಬರು ಮೇಲೊಂದೊಂದು ಕೋಣೆ ಎಬ್ಬಿಸಿದರು. ಎರಡು ಮನೆಗಳವರು ಬೀಗ ಹಾಕಿ ಬೇರೆ ಕಡೆ ಹೋದರು.

ಭಾವ ಹೋದ ಮೇಲೂ ಬಾಡಿಗೆ ಕಟ್ಟಿಕೊಂಡು ಅದೇ ಮನೆಯಲ್ಲಿ ಉಳಿದ ಅಕ್ಕ ರೊಟ್ಟಿ ಮಾಡಿ ಮಾರತೊಡಗಿದಳು. ಗಿರಾಕಿಗಳೆಲ್ಲ ನಮ್ಮ ಕಡೆಯವರೇ. ಯಾದಗಿರಿ, ರಾಯಚೂರು, ಸೇಡಂ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹುಡುಗರು, ಅವರ ಹೆಂಡಂದಿರು. ಬೆಳಿಗ್ಗೆ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಹೊರಗೆ ದಿನವಿಡೀ ತೆಲುಗು, ಹಿಂದಿ ಆಡಿ ನಾಲಿಗೆ ದಣಿದವರು ಅಲ್ಲಿ ಕುಳಿತು ತಮ್ಮ ಭಾಷೆಯಲ್ಲಿ ಜಗಳಾಡುತ್ತಿದ್ದರು, ಅಕ್ಕ ಅವರನ್ನು ಬೈಯುತ್ತಿದ್ದಳು. ನಾನು ಸಿಕಂದರಾಬಾದಿನಲ್ಲಿ ನೌಕರಿ ಹಿಡಿದು, ಮದುವೆಯಾಗಿ, ಮಿಯಾಪುರದ ಫ್ಲ್ಯಾಟಿಗೆ ಹೋದ ಮೇಲೆ ಎಷ್ಟೋ ಸಲ ಕರೆದೆ, ನಮ್ಮ ಜೊತೆ ಬಂದಿರು ಎಂದು. “ನಿನ್ನ ಮನಿಗಿ ಬಂದರ ನಾ ಬೀಗತಿ ಆಗತೀನಿ. ಇಲ್ಲಿ ನಾ ರಾಣಿ,” ಎನ್ನುವಳು. ಆ ಹುಡುಗರ ಮುಂದೆ ಸವುಟು ಹಿಡಿದು ಕುಳಿತಾಗ ನಿಜವಾಗಿಯೂ ಹಾಗೇ ಕಾಣುತ್ತಿದ್ದಳು.

ಹೀಗಿರುವಾಗ ಸರ್ಕಾರಕ್ಕೆ ಆ ಮನೆಗಳ ಮೇಲೆ ಪ್ರೀತಿ ಹುಟ್ಟಿತು.

ಸರ್ಕಾರಿ ಖಾಸಗಿ ಸಹಭಾಗಿತ್ವ ಎಂಬ ಹೆಸರು ಆ ಪ್ರೀತಿಗೆ. ಜಾಗ ಸರ್ಕಾರದ್ದು, ಖರ್ಚು ಒಂದು ಕಟ್ಟಡ ಕಂಪನಿಯದು. ಆರರಲ್ಲಿ ಮೂರು ಮನೆಗಳನ್ನು ಕಾಪಾಡಿ ಜನರಿಗೆ ತೋರಿಸುವುದು. ಉಳಿದ ಮೂರನ್ನು ಕೆಡವಿ ಕಂಪನಿ ತನ್ನ ಅಪಾರ್ಟ್‌ಮೆಂಟ್ ಕಟ್ಟಿಕೊಳ್ಳುವುದು. ಕಾಪಾಡುವ ಮೂರರಲ್ಲಿ ಒಂದರಲ್ಲಿ ಈಗಿರುವ ಬಾಡಿಗೆದಾರರನ್ನೇ ಉಸ್ತುವಾರಿಗೆ ಇಟ್ಟುಕೊಳ್ಳುವುದು. ಅವರು ಅಲ್ಲೇ ವಾಸ ಮಾಡಬೇಕು, ಬಂದವರಿಗೆ ಮನೆ ತೋರಿಸಬೇಕು. ಉಳಿದವರಿಗೆ ಊರ ಹೊರಗೆ, ಬಸ್ಸೂ ಸರಿಯಾಗಿ ಹೋಗದ ಕಡೆ, ಬೇರೆ ಮನೆ. ಇದನ್ನೆಲ್ಲ ಒಬ್ಬ ಅಧಿಕಾರಿ ಸಾಲಿನ ಮುಂದೆ ನಿಂತು ತೆಲುಗಿನಲ್ಲಿ ಹೇಳಿ, ಮನೆಗಳ ಫೋಟೋ ಹೊರಗಿನಿಂದಲೇ ತೆಗೆಸಿಕೊಂಡು, ಇಂಥ ದಿನ ಕಮಿಟಿ ಬಂದು ಒಳಗೆ ನೋಡುತ್ತದೆ, ಎಲ್ಲರೂ ಮನೆಯಲ್ಲಿರಿ ಎಂದು ಹೊರಟುಹೋದ. ಕಮಿಟಿ ಏನು ನೋಡುತ್ತದೆ, ಯಾವುದನ್ನು ಮೆಚ್ಚುತ್ತದೆ ಎಂದು ಅವನು ಹೇಳಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ ದಿನದಿಂದ ಅಕ್ಕನಿಗೆ ಅದೊಂದೇ ಧ್ಯಾನ. ಫೋನಿನಲ್ಲಿ ಬೇರೆ ಮಾತೇ ಇಲ್ಲ.

“ಉಸ್ತುವಾರಿ ಅಂದರ ನಾನ ಆಗಬೇಕು ತಂಗಿ. ಈ ಮನಿ ನನಗಿಂತ ಯಾರಿಗಿ ಗೊತ್ತೈತಿ ಹೇಳು?”

“ಆಗತೀಯ ಬಿಡ ಅಕ್ಕಾ.”

“ಹಂಗ ಅಲ್ಲ. ಕಮಿಟಿಯವರು ಭಾಳ ದೊಡ್ಡವರಂತ. ಮನಿ ನೋಡಿದ ಕೂಡಲೇ ಮನಸ್ಸಿಗಿ ಬರಬೇಕು ಅವರಿಗಿ.”

ಅದರ ಹಿಂದೆ ಏನಿದೆ ಎಂದು ನಾನು ವಿಚಾರ ಮಾಡಲಿಲ್ಲ. ಅದೇ ಹೊತ್ತಿಗೆ ಕಲಬುರಗಿಯಲ್ಲಿ ಬಂಧುಗಳ ಮದುವೆ ಬಂತು, ನಾನು ಹೋದೆ. ಅಕ್ಕ ಬರಲಿಲ್ಲ. ಕಮಿಟಿ ಬರುವಾಗ ಮನೆ ಬಿಟ್ಟು ಹೋಗುವುದು ಹೇಗೆ ಎಂದಳು.

ನಮ್ಮಲ್ಲಿ ಮನೆಗೆ ದೊಡ್ಡವರು ಬರುತ್ತಾರೆ ಎಂದರೆ ಮೊದಲು ಸುಣ್ಣಬಣ್ಣ. ಮದುವೆ ಇರಲಿ, ಸ್ವಾಮಿಗಳ ಪಾದಪೂಜೆ ಇರಲಿ, ಹೆಣ್ಣು ನೋಡಲು ಬರುವವರಿರಲಿ, ಗೋಡೆ ಬೆಳ್ಳಗಾಗದೆ ಯಾರನ್ನೂ ಒಳಗೆ ಕರೆಯುವುದಿಲ್ಲ. ಇದ್ದಂತೆ ತೋರಿಸಿದರೆ ಬಂದವರಿಗೆ ಅವಮಾನ ಮಾಡಿದಂತೆ. ಅಕ್ಕ ಈ ಚಿಂತೆಯನ್ನು ರೊಟ್ಟಿಗೆ ಬಂದ ಹುಡುಗರ ಮುಂದೆ ತೋಡಿಕೊಂಡಿದ್ದಾಳೆ. ಅವರಲ್ಲಿ ಒಬ್ಬ ಯಾದಗಿರಿ ಕಡೆಯ ಟೈಲ್ಸ್ ಮೇಸ್ತ್ರಿ, ಬಂದ ಹೊಸದರಲ್ಲಿ ಜ್ವರ ಹಿಡಿದು ಮಲಗಿದ್ದಾಗ ಅಕ್ಕನ ಗಂಜಿ ಕುಡಿದು ಎದ್ದವನು. “ಅಕ್ಕಾರ, ನೀವು ಸುಮ್ಮಕ ಕುಂದರ್ರಿ. ನಿಮ್ಮ ಮನಿ ಹೆಂಗ ಮಾಡತೀವಿ ನೋಡ್ರಿ,” ಎಂದನಂತೆ. ಕೆಲಸದ ಜಾಗಗಳಲ್ಲಿ ಮಿಕ್ಕು ಬಿದ್ದಿದ್ದ ಟೈಲ್ಸುಗಳನ್ನು ಅಲ್ಲಿಯವರನ್ನು ಕೇಳಿ ತಂದರು. ಮೇಸ್ತ್ರಿಯ ಜೊತೆಗಾರರು ಬಣ್ಣ ತಂದರು. ಒಂದು ಭಾನುವಾರ, ತಮ್ಮ ರಜೆಯ ದಿನ, ಹತ್ತು ಹನ್ನೆರಡು ಮಂದಿ ಆ ಮನೆಗೆ ಬಿದ್ದರು. ಇಟ್ಟಿಗೆಯ ಸಂದುಗಳಿಗೆಲ್ಲ ಪುಟ್ಟಿ ಮೆತ್ತಿ ಗೋಡೆಗಳಿಗೆ ಪಿಸ್ತಾ ಬಣ್ಣದ ಆಯಿಲ್ ಪೇಂಟ್ ಬಳಿದರು. ಕೆಂಪು ನೆಲ ಟೈಲ್ಸ್ ಹಿಡಿಯಲಿ ಎಂದು ಉಳಿಯಿಂದ ಕಚ್ಚು ಹೊಡೆದು, ಸಿಮೆಂಟ್ ಹಾಲು ಸುರಿದು, ಮೇಲೆ ಬಿಳಿ ಟೈಲ್ಸ್ ಹಾಸಿದರು. ಅಕ್ಕ ಅವರಿಗೆ ಹೋಳಿಗೆ ಮಾಡಿ ಬಡಿಸಿದಳಂತೆ.

ನಾನು ಊರಿನಿಂದ ಬಂದು ನೇರ ಅಲ್ಲಿಗೇ ಹೋದೆ. ಅಕ್ಕ ಬಾಗಿಲಲ್ಲೇ ತಡೆದು, “ಕಣ್ಣು ಮುಚ್ಚು,” ಎಂದಳು. ಮುಚ್ಚಿದೆ. ತೆರೆದಾಗ ಮನೆಯೆಲ್ಲ ಫಳಫಳ. ಸುಳ್ಳು ಯಾಕೆ ಹೇಳಲಿ, ನನಗೂ ಚೆಂದ ಕಂಡಿತು. ಕಾಕಾ ಇದ್ದಿದ್ದರೆ ಅವನ ಬಾಯಿ ಮುಚ್ಚುತ್ತಿತ್ತು ಎಂದೆ. ಅಕ್ಕ ಹುಡುಗಿಯಂತೆ ನಕ್ಕಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ, ಮತ್ತೆ ನೋಡಲೂ ಇಲ್ಲ.

ಕಮಿಟಿ ಬಂದ ದಿನ ನಾನು ರಜೆ ಹಾಕಿ ಹೋಗಿದ್ದೆ. ಅಕ್ಕ ಇಳಕಲ್ ಸೀರೆ ಉಟ್ಟಿದ್ದಳು. ಅಧಿಕಾರಿ, ಕಂಪನಿಯ ಇಬ್ಬರು, ಅವರ ಜೊತೆ ಕನ್ನಡಕ ಹಾಕಿದ ಆರ್ಕಿಟೆಕ್ಟ್ ಹುಡುಗಿ. ಹೊಸ್ತಿಲಲ್ಲಿ ನೆಲದ ಹೊಳಪು ನೋಡಿ ಎಲ್ಲರೂ ತಾವಾಗಿಯೇ ಬೂಟು ಬಿಚ್ಚಿದರು. ಅಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಹುಡುಗಿ ಒಳಗೆ ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು. ಆಮೇಲೆ ಕುಕ್ಕರುಗಾಲಲ್ಲಿ ಕುಳಿತು ಟೈಲ್ಸಿನ ಮೇಲೆ ಕೈ ಇಟ್ಟಳು. ಎದ್ದು ಗೋಡೆ ಮುಟ್ಟಿದಳು. ಉಳಿದವರು ನೆಲ, ಗೋಡೆ ನೋಡುತ್ತ ನಿಂತರು. ಚಹಾದ ಟ್ರೇ ಹಿಡಿದು ನಿಂತ ಅಕ್ಕ, ಅವರೆಲ್ಲ ಬೆರಗಾಗಿದ್ದಾರೆ ಎಂದುಕೊಂಡಳು.

“ಈ ಟೈಲ್ಸ್ ಎವರು ವೇಯಮನ್ನಾರಮ್ಮಾ?” ಅಧಿಕಾರಿ ಕೇಳಿದ. ಇದನ್ನು ಹಾಕಲು ಹೇಳಿದವರು ಯಾರು ಎಂದು.

“ಮಾ ಪಿಲ್ಲಲೇ ವೇಸಾರು ಸಾರ್, ಮೀ ಕೋಸಮೇ,” ಎಂದಳು ಅಕ್ಕ, ಹೆಮ್ಮೆಯಿಂದ. ನಮ್ಮ ಹುಡುಗರೇ ಹಾಕಿದರು, ನಿಮಗಾಗಿಯೇ.

ಅವನು ಹಣೆ ಹಣೆ ಬಡಿದುಕೊಂಡು ಹೊರಗೆ ಹೋಗಿ ಬೂಟು ಹಾಕಿಕೊಂಡ. ಕಂಪನಿಯವರು ಒಬ್ಬರ ಮುಖ ಒಬ್ಬರು ನೋಡಿ, ಚಹಾ ಮುಟ್ಟದೆ ಪಕ್ಕದ ಮನೆಗೆ ನಡೆದರು. ಹುಡುಗಿ ಮಾತ್ರ ಉಳಿದು ನನ್ನನ್ನು ಜಾಲಿಯ ಹತ್ತಿರ ಕರೆದಳು. ಹಿಂದಿಯಲ್ಲಿ ನಿಧಾನಕ್ಕೆ ಹೇಳಿದಳು: ಹೊರಗಿನ ಫೋಟೋ ನೋಡಿಯೇ ನಾವು ಈ ಮನೆಯನ್ನು ಮೊದಲನೆಯದಾಗಿ ಇಟ್ಟಿದ್ದೆವು. ಇದರಲ್ಲಿ ಯಾರೂ ಏನೂ ಬದಲಿಸಿಲ್ಲ ಎಂದು ಗೊತ್ತಾಗಿತ್ತು. ಉಸ್ತುವಾರಿಗೂ ನಿಮ್ಮ ಅಕ್ಕನನ್ನೇ ಯೋಚಿಸಿದ್ದೆವು. ಹಳೆಯ ನೆಲ, ಹಳೆಯ ಇಟ್ಟಿಗೆಯ ಗೋಡೆ, ಅವುಗಳಿಗಾಗಿಯೇ ನಾವು ಬಂದದ್ದು ಆಂಟಿ.

ನನಗೆ ಮೈಯೆಲ್ಲ ಉರಿದುಹೋಯಿತು. “ಮೊದಲೇ ಯಾಕೆ ಹೇಳಲಿಲ್ಲ ನೀವು?” ಎಂದು ಕೂಗಿಯೇ ಕೇಳಿದೆ. “ಏನನ್ನೂ ಮುಟ್ಟಬೇಡಿ ಎನ್ನುವ ಒಂದು ಮಾತು ಬಾಯಿಂದ ಬೀಳಲಿಲ್ಲವಲ್ಲ ನಿಮಗೆ?” ಹುಡುಗಿಯ ಕಣ್ಣು ತುಂಬಿದವು. ಹೇಳಬೇಕಾದ ವಿಷಯ ಎಂದು ನಮಗೆ ಅನ್ನಿಸಲೇ ಇಲ್ಲ, ಮನೆ ಚೆನ್ನಾಗಿ ಕಾಣಲಿ ಎಂದು ಯಾರಾದರೂ ಹಳೆಯದನ್ನು ಮುಚ್ಚುತ್ತಾರೆ ಎಂದು ನಾವು ಯೋಚಿಸಿಯೇ ಇರಲಿಲ್ಲ, ಎಂದಳು. ಅವಳ ಪ್ರಾಮಾಣಿಕತೆ ನೋಡಿ ನನಗೆ ಇನ್ನೂ ಸಿಟ್ಟು ಬಂತು. ಬಡವರ ಮನೆಯ ಗೋಡೆ ನೋಡಲು ಬರುವವರಿಗೆ ಆ ಗೋಡೆಯ ಬಗ್ಗೆ ಒಳಗಿನವರ ನಾಚಿಕೆ ಗೊತ್ತಿರಬಾರದೇ?

ನಾನು ಅಕ್ಕನಿಗೆ ವಿಷಯ ಹೇಳಿದೆ. ಅವಳಿಗೆ ತಿಳಿಯಲು ಹೊತ್ತು ಹಿಡಿಯಿತು.

“ಅಂದರ, ಚೆಂದ ಮಾಡಿದ್ದಕ್ಕ ಬ್ಯಾಡ ಅನ್ನಾಕತ್ತಾರೇನು?”

“ಹೂಂ ಅಕ್ಕಾ.”

“ಆ ಕೆಂಪ ನೆಲ ಬೇಕಾಗಿತ್ತೇನು ಅವರಿಗಿ? ಅದಾ ಹಳೇದು?”

ಹೌದು ಎಂದೆ. ಅವಳು ಟ್ರೇ ಕಟ್ಟೆಯ ಮೇಲೆ ಇಟ್ಟು, ಆರಿದ ಚಹಾವನ್ನು ಒಂದೊಂದೇ ಕಪ್ಪಿನಿಂದ ಮೋರಿಗೆ ಚೆಲ್ಲಿದಳು.

ಹುಡುಗಿ ಹೇಗೋ ಮಾಡಿ ಸ್ವಲ್ಪ ಸಮಯ ಕೊಡಿಸಿದಳು. ಹಳೆಯ ನೆಲ ಕೆಡದಂತೆ ಟೈಲ್ಸ್ ತೆಗೆಯಲು ಬಂದರೆ ಮತ್ತೊಮ್ಮೆ ನೋಡುತ್ತೇವೆ ಎಂದರು. ಮೇಸ್ತ್ರಿಗೆ ಸುದ್ದಿ ಹೋಯಿತು. ಕೆಲಸ ಬಿಟ್ಟು ಓಡಿ ಬಂದ, ಜೊತೆಯವರನ್ನೂ ಕರೆದುಕೊಂಡು. ಅಡುಗೆಮನೆಯ ಮೂಲೆಯ ಟೈಲ್ಸಿನ ಅಂಚಿಗೆ ಉಳಿ ಇಟ್ಟು, ಮಗುವಿನ ಕಿವಿ ಚುಚ್ಚುವವನ ಹಾಗೆ ಮೆಲ್ಲಗೆ ತಟ್ಟಿದ. ಟೈಲ್ಸ್ ಇಡಿಯಾಗಿಯೇ ಎದ್ದಿತು. ಹಿಂದೆ ತಿರುಗಿಸಿದರೆ ಕೆಂಪು ನೆಲದ ಪದರ ಅದಕ್ಕೇ ಅಂಟಿಕೊಂಡಿತ್ತು. ಕೆಳಗೆ ಬರೀ ಬೂದಿ ಬಣ್ಣದ ಕಾಂಕ್ರೀಟು, ಅದರ ಮೇಲೆ ಉಳಿಯ ಕಚ್ಚುಗಳು. ಇನ್ನೊಂದು ತೆಗೆದ, ಅದೂ ಹಾಗೇ. ಮಲಗುವ ಕೋಣೆಯಲ್ಲಿ ತೆಗೆದ, ಅದೂ ಹಾಗೇ. ಅವನು ಒಳ್ಳೆಯ ಕೆಲಸಗಾರ, ಅಕ್ಕನ ಮನೆ ಎಂದು ಇನ್ನಷ್ಟು ಗಟ್ಟಿಯಾಗಿ ಕೂರಿಸಿದ್ದ. ಮೂರನೆಯದಕ್ಕೆ ಉಳಿ ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತು ಕುಳಿತ.

“ನನ್ನ ಕೈ ಸೇದಿ ಹೋಗಲಿ ಅಕ್ಕಾರ. ನಿಮ್ಮ ಮನಿ ನಾನ ಕೆಡಿಸಿದೆ.”

“ಬಿಡೋ ಮಾರಾಯ, ನಾನ ಹಾಕಿಸಿಕೊಂಡೀನಿ,” ಎಂದಳು ಅಕ್ಕ. “ಏಳ್ರಿ ಎಲ್ಲಾರೂ. ಊಟ ಮಾಡ್ರಿ.”

ಯಾರೂ ಏಳಲಿಲ್ಲ. ಗಂಡಸರು ಅಳುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅಕ್ಕನೇ ತಾಟುಗಳನ್ನು ತಂದು ಅವರ ಮುಂದೆ ಇಟ್ಟು, ತಿನ್ನುವವರೆಗೂ ಬಿಡಲಿಲ್ಲ.

ಕೊನೆಗೆ ಕಮಿಟಿ ಆರಿಸಿದ್ದು ಬೀಗ ಹಾಕಿದ್ದ ಆ ಎರಡು ಮನೆಗಳನ್ನು, ಜೊತೆಗೆ ಅಲ್ಯುಮಿನಿಯಂ ಕಿಟಕಿಯ ಮನೆಯನ್ನು. ಕಿಟಕಿ ಕಿತ್ತು ಹೊಸ ಜಾಲಿ ಎರಕ ಹೊಯ್ಯಬಹುದು, ನೆಲ ಹಾಗಲ್ಲ ಎಂದರು. ಜನ ಬಿಟ್ಟುಹೋದ ಮನೆಗಳೇ ಗೆದ್ದವು. ಬೀಗದ ಹಿಂದೆ ಧೂಳು ಹಿಡಿದು ಕುಳಿತದ್ದು ಅವುಗಳ ಪುಣ್ಯ. ಎಷ್ಟೋ ವರ್ಷ ಅಲ್ಲಿ ಯಾರೂ ಒಗ್ಗರಣೆ ಹಾಕಿರಲಿಲ್ಲ, ಮೊಳೆ ಹೊಡೆದಿರಲಿಲ್ಲ, ನೆಂಟರಿಗೆ ಹೆದರಿರಲಿಲ್ಲ. ಉಸ್ತುವಾರಿಗೆ ಬಾಡಿಗೆದಾರರು ಬೇಡ, ಏಜೆನ್ಸಿಯಿಂದ ಸೆಕ್ಯುರಿಟಿ ಇಡುವುದು ಎಂದೂ ತೀರ್ಮಾನವಾಯಿತು. ಅಕ್ಕನನ್ನು ನೋಡಿದ ಮೇಲೆ ಅವರಿಗೆ ಒಳಗಿರುವ ಜನರ ಮೇಲೆ ನಂಬಿಕೆ ಹೋಗಿತ್ತು ಎಂದು ಅಧಿಕಾರಿಯೇ ನನಗೆ ಹೇಳಿದ, ಏನೋ ಉಪಕಾರ ಮಾಡುವವನ ಹಾಗೆ.

ಊರ ಹೊರಗಿನ ಮನೆಗೆ ರೊಟ್ಟಿಯ ಗಿರಾಕಿಗಳು ಬರುವ ಹಾಗಿರಲಿಲ್ಲ. ಅಕ್ಕ ಅದನ್ನು ಒಮ್ಮೆ ನೋಡಿ ಬಂದಳು. ನಾನು ಗಂಟುಮೂಟೆ ಕಟ್ಟಿಸಿ ಮಿಯಾಪುರಕ್ಕೆ ಕರೆದುಕೊಂಡು ಬಂದೆ. ಜೆಸಿಬಿ ಬಂದ ದಿನ ನೋಡಲು ಹೋಗಬೇಡ ಎಂದೆ, ಕೇಳಲಿಲ್ಲ. ಹೋಗಿ ರಸ್ತೆಯ ಆಚೆ ನಿಂತಳು. ನಡುವೆ ತಗ್ಗಿದ್ದ ಮಾಳಿಗೆ ಮೊದಲು ಬಿತ್ತು. ಪಿಸ್ತಾ ಬಣ್ಣದ ಗೋಡೆ ಸ್ವಲ್ಪ ಹೊತ್ತು ಬಯಲಿಗೆ ನಿಂತಿತ್ತು. ಹಾದುಹೋಗುತ್ತಿದ್ದ ಒಬ್ಬ ಬೈಕಿನವನು, ಇಷ್ಟು ಹೊಸ ಮನೆ ಯಾಕೆ ಕೆಡವುತ್ತಿದ್ದಾರೆ ಎಂದು ಕೇಳಿದ.

ಮಿಯಾಪುರದಲ್ಲಿ ಮೊದಲ ವಾರವೇ ಕೆಳಗಿನ ಫ್ಲ್ಯಾಟಿನವರು ಬೆಲ್ ಒತ್ತಿದರು. ಬೆಳಿಗ್ಗೆ ನೆಲ ಕುಟ್ಟುವ ಸದ್ದು ಬರುತ್ತದೆ ಎಂದು. ಅಕ್ಕ ರೊಟ್ಟಿ ಬಡಿಯುವುದು ಬಿಟ್ಟಳು. ನಿಂತು ಲಟ್ಟಿಸಲು ನೋಡಿದಳು, ಎರಡು ದಿನ ಮಾಡಿ ಅದನ್ನೂ ಬಿಟ್ಟಳು. ಒಂದು ಭಾನುವಾರ ಮೇಸ್ತ್ರಿ ಅಕ್ಕನನ್ನು ಕಾಣಲು ಬಂದ. ಗೇಟಿನಲ್ಲಿ ಸೆಕ್ಯುರಿಟಿಯವನು ಫೋನ್ ಮಾಡಿ, ಲೇಬರ್ ಯಾರೋ ಬಂದಿದ್ದಾರೆ, ಬಿಡಬೇಕಾ ಎಂದ. ನಾನು ಕಳಿಸು ಎನ್ನುವಷ್ಟರಲ್ಲಿ ಮೇಸ್ತ್ರಿ ನಾಚಿಕೆಪಟ್ಟುಕೊಂಡು ಹೋಗಿಬಿಟ್ಟಿದ್ದ. ಆ ಮೇಲೆ ಯಾರೂ ಬರಲಿಲ್ಲ.

ಉಳಿಸಿದ ಮನೆಗಳು ಜನರಿಗೆ ತೆರೆದಾಗ ಆರ್ಕಿಟೆಕ್ಟ್ ಹುಡುಗಿ ನಮ್ಮನ್ನು ಕರೆದಳು. ಅವಳು ಕೆಟ್ಟವಳಲ್ಲ, ಆದರೆ ನನಗೆ ಹೋಗುವ ಮನಸ್ಸಿರಲಿಲ್ಲ. ಅಕ್ಕನೇ ಹೊರಟಳು. ಕೆಂಪು ನೆಲಕ್ಕೆ ಮೇಣ ತಿಕ್ಕಿ ಹಗ್ಗ ಕಟ್ಟಿದ್ದರು. ಇಟ್ಟಿಗೆ ಗೋಡೆಯ ಮೇಲೆ ಸಣ್ಣ ದೀಪಗಳ ಬೆಳಕು. ಬಂದವರು ಮೆಲ್ಲನೆ ಮಾತಾಡಿಕೊಳ್ಳುತ್ತ ಫೋಟೋ ತೆಗೆಯುತ್ತಿದ್ದರು. ಒಂದು ಫಲಕದಲ್ಲಿ, ಕಾರ್ಮಿಕ ಕುಟುಂಬಗಳು ಇಲ್ಲಿ ಹೇಗೆ ಬದುಕಬಹುದೆಂದು ವಿನ್ಯಾಸಕರು ಕನಸು ಕಂಡಿದ್ದರು ಎಂದು ತೆಲುಗಿನಲ್ಲಿ ಬರೆದಿತ್ತು. ಅಕ್ಕ ಹಗ್ಗದ ಈಚೆ ನಿಂತು ಬಹಳ ಹೊತ್ತು ನೆಲ ನೋಡಿದಳು. ಸೆಕ್ಯುರಿಟಿ ಹುಡುಗನನ್ನು ಇಲ್ಲಿ ಯಾರಿರುತ್ತಾರೆ ಎಂದು ಕೇಳಿದಳು. “ಎವರೂ ಉಂಡರಮ್ಮಾ,” ಎಂದ ಅವನು. ಯಾರೂ ಇರುವುದಿಲ್ಲ.

ಬರುವಾಗ ಮೆಟ್ರೋದಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ನಾನು ಸರ್ಕಾರವನ್ನು, ಕಂಪನಿಯನ್ನು, ಆ ಹಗ್ಗವನ್ನು ಬಾಯಿಗೆ ಬಂದಂತೆ ಬೈಯುತ್ತಲೇ ಇದ್ದೆ. ಮನೆ ತಲುಪಿದ ಮೇಲೂ ಬೈಗುಳ ನಿಂತಿರಲಿಲ್ಲ. ಬಟ್ಟೆ ಬದಲಿಸಿ ಹೊರಗೆ ಬಂದು ನೋಡಿದರೆ ಅಕ್ಕ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕಾಲಿಟ್ಟಿರಲಿಲ್ಲ. ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು, ಹಸಿವೆ ಎಂದು ಯಾರು ಬಂದರೂ ಕೂರಿಸಿ ಬಡಿಸಿದವಳು.

“ಒಂದೀಟು ಚಹಾ ಮಾಡಿಕೊಳ್ಳಲೇನು ತಂಗಿ?” ಎಂದು ನನ್ನನ್ನು ಕೇಳಿದಳು.